ಊಟಕ್ಕೆ ಎದ್ದವನು ಬರುವ ತನಕ

ಯುಟ್ರೆಕ್ಟ್,
೨೨ ಫೆಬ್ರವರಿ ೨೦೨೬, ರವಿವಾರ

ಪ್ರೀತಿಯ ನಾಗಪ್ಪ ಕಾಕಾನಿಗೆ,

ನಿನ್ನ ಶಶಿಕಾಂತ ಮಾಡುವ ನಮಸ್ಕಾರಗಳು. ಮೈ ಹೇಗಿದೆ? ನಿನ್ನೆ ರಾತ್ರಿ ರೊಟ್ಟಿ ಕೇಳಿ ಉಂಡೆಯಂತೆ, ಅದೂ ಕೆಂಪು ಚಟ್ನಿ ಹಚ್ಚಿಕೊಂಡು. ಇಷ್ಟು ದಿನ ಬರೀ ಗಂಜಿಯ ತಿಳಿ ಕುಡಿದ ಹೊಟ್ಟೆ ಒಮ್ಮೆಲೇ ಜೋಳದ ರೊಟ್ಟಿಯನ್ನು ತಡೆದುಕೊಂಡಿತೇ? ಎರಡು ದಿನ ಮಜ್ಜಿಗೆಯಲ್ಲಿ ನೆನೆಸಿಕೊಂಡು ಉಣ್ಣು. ತುಟಿ ಒಡೆದದ್ದಕ್ಕೆ ಸುಪ್ರೀತಾ ಬೆಣ್ಣೆ ಹಚ್ಚಲು ಬಂದರೆ ಮುಖ ತಿರುಗಿಸಬೇಡ, ಮಗಳ ಹತ್ತಿರ ಎಂಥ ಸಂಕೋಚ. ಇಲ್ಲಿ ಭಾವನಾ ಚೆನ್ನಾಗಿದ್ದಾಳೆ. ಹಿತಾಳ ಮುಂದಿನ ಹಲ್ಲು ಬಿದ್ದಿವೆ, ಮಾತಾಡಿದರೆ ನಡುನಡುವೆ ಸೀಟಿ ಹೊಡೆದಂತೆ ಕೇಳುತ್ತದೆ. ಊದುವವರ ಮನೆಯ ಕೂಸು ಎಂದು ನಾವಿಬ್ಬರೂ ನಗುತ್ತೇವೆ. ನಾನೂ ಆರಾಮ ಇದ್ದೇನೆ ಎಂದು ಬರೆಯುವುದು ಪದ್ಧತಿ. ಬರೆದಿದ್ದೇನೆ ಎಂದೇ ತಿಳಿದುಕೋ.

ದಿನಾ ಸಂಜೆ ಫೋನಿನಲ್ಲಿ ಮುಖ ತೋರಿಸುವ ಹುಡುಗ ಈಗ ಯಾಕೆ ಕಾಗದ ಹಿಡಿದು ಕೂತ ಎಂದು ನಿನಗೆ ಅನ್ನಿಸೀತು. ಅದನ್ನು ಕೊನೆಗೆ ಹೇಳುತ್ತೇನೆ. ಬರೆದು ಮುಗಿದ ಮೇಲೆ ಹಾಳೆಗಳ ಫೋಟೋ ತೆಗೆದು ಸುಪ್ರೀತಾಳಿಗೆ ಕಳಿಸುತ್ತೇನೆ, ಅವಳು ಓದಿ ಹೇಳುತ್ತಾಳೆ. ಹಿರಿಯರಿಗೆ ಪತ್ರ ಬರೆಯುವಾಗ ‘ನೀವು’ ಎನ್ನಬೇಕೆಂದು ಸಾಲೆಯಲ್ಲಿ ಕಲಿಸಿದ್ದರು. ಹಾಗೇ ಒಂದು ಸಾಲು ಬರೆದು ನೋಡಿದೆ. ಬ್ಯಾಂಕಿನ ಮ್ಯಾನೇಜರನಿಗೆ ಬರೆದ ಹಾಗಾಯಿತು, ಹರಿದು ಹಾಕಿದೆ. ನಿನ್ನ ಮಗ್ಗುಲಲ್ಲಿ ಕೂತು ಬೆಳೆದವನು ನಾನು, ನೀನು ಎಂದೇ ಬರೆಯುತ್ತೇನೆ.

ನಿನ್ನೆ ನಿನಗೆ ಹಸಿವಾದದ್ದು ದೇವರ ದಯೆ ಎಂದು ಅವ್ವ, ಹೊಸ ಗುಳಿಗೆಯ ಗುಣ ಎಂದು ಡಾಕ್ಟರು. ಹಾಗಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಆದರೂ ನಿನ್ನ ಕಡೆಯದು ಮಾತ್ರ ನಿನಗೆ ಗೊತ್ತು. ಇಲ್ಲಿ ನಡೆದದ್ದನ್ನು ನಾನೇ ಹೇಳಬೇಕು. ಸ್ವಲ್ಪ ಹಿಂದಿನಿಂದ ಬರುತ್ತೇನೆ, ಯಾಕೆಂದರೆ ಓದುವ ಸುಪ್ರೀತಾಳಿಗೂ ತಿಳಿಯಬೇಕು. ನಮ್ಮ ಕಸುಬಿನ ಒಳಮಾತುಗಳನ್ನು ಹೆಣ್ಣುಮಕ್ಕಳಿಗೆ ಯಾರೂ ಹೇಳಲಿಲ್ಲವಲ್ಲ.

ಸುಪ್ರೀತಾ, ನಮ್ಮ ಮನೆಯ ಗಂಡುಮಕ್ಕಳು ಮೊದಲು ಕಲಿಯುವುದು ರಾಗವನ್ನಲ್ಲ, ಉಸಿರನ್ನು. ನಿಮ್ಮಪ್ಪ ನನ್ನ ಮುಂದೆ ಒಂದು ಚೊಂಬು ನೀರಿಟ್ಟು, ಪಪ್ಪಾಯಿ ಎಲೆಯ ದಂಟು ಬಾಯಿಗೆ ಕೊಟ್ಟು, ಗುಳ್ಳೆ ನಿಲ್ಲಬಾರದು ಎಂದು ಹೇಳಿ ಎದ್ದು ಹೋಗುತ್ತಿದ್ದ. ಕೆನ್ನೆಯಲ್ಲಿ ಗಾಳಿ ಇಟ್ಟುಕೊಂಡು ಅದನ್ನು ಹೊರಗೆ ದಬ್ಬುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳಬೇಕು. ಅದು ಬಂದ ಮೇಲೆ ಕೈಗೆ ಶ್ರುತಿ ಸನಾದಿ ಕೊಡುತ್ತಾರೆ. ಅದಕ್ಕೆ ಒಂದೇ ಸ್ವರ. ಮುಖ್ಯ ಸನಾದಿಯವನು, ಅಂದರೆ ನನ್ನ ಅಪ್ಪ, ರಾಗ ನುಡಿಸುವಷ್ಟು ಹೊತ್ತೂ ಶ್ರುತಿಯವನು ಆ ಒಂದು ಸ್ವರವನ್ನು ಕಡಿಯದೆ ಹಿಡಿದಿರಬೇಕು. ಮುಖ್ಯ ಸನಾದಿ ಇಳಿಯುವ ಮೊದಲು ಶ್ರುತಿ ಇಳಿಯಬಾರದು. ಸೊಳ್ಳೆ ಕಚ್ಚಲಿ, ಮಂಟಪದ ಪರದೆಗೆ ಬೆಂಕಿ ಹತ್ತಲಿ, ಇಳಿಯಬಾರದು. ನಡುವೆ ಶ್ರುತಿಯವನಿಗೆ ಊಟ ಬೇಕೆಂದರೆ ಅದಕ್ಕೊಂದು ದಾರಿ ಇತ್ತು. ನಾನು ಅವನ ಎಡಕ್ಕೆ ಕೂತು ಅದೇ ಸ್ವರ ಹಿಡಿಯುತ್ತಿದ್ದೆ. ಎರಡೂ ಸೇರಿ ಒಂದಾದ ಮೇಲೆ ಕಾಕಾ ನನ್ನ ಮೊಣಕಾಲನ್ನು ಎರಡು ಸಲ ತಟ್ಟುತ್ತಿದ್ದ. ಇನ್ನು ನಿನ್ನದು ಎಂದು ಅರ್ಥ. ಆಮೇಲೆ ಎದ್ದು ಪಂಕ್ತಿಗೆ ಹೋಗುತ್ತಿದ್ದ. ನಾನು ಬಲಗಡೆ ಅವನ ಜಾಗ ಖಾಲಿ ಬಿಟ್ಟುಕೊಂಡು ಊದುತ್ತ ಕೂರುತ್ತಿದ್ದೆ. ಉಂಡವನೇ ಮರಳಿ ಬಂದು ಹಿಡಿದು ನನ್ನನ್ನು ಬಿಡಿಸಬೇಕು, ಬೇರೆ ಯಾರೂ ಬಿಡಿಸುವಂತಿಲ್ಲ. ಕಾಕಾ, ರೋಣದ ಆ ಮದುವೆ ನೆನಪಿದೆಯೇ? ನೀನು ಎಲೆ ಅಡಿಕೆ ಹಾಕಿಕೊಂಡು ಬೀಗರ ಜೊತೆ ಹರಟುತ್ತ ಕೂತುಬಿಟ್ಟೆ. ನೀನು ಬರುವ ಹೊತ್ತಿಗೆ ನನ್ನ ತುಟಿ ಯಾರದೋ ತುಟಿಯ ಹಾಗಾಗಿತ್ತು. ಆಮೇಲೆ ನನಗೆ ಜಿಲೇಬಿ ತಂದುಕೊಟ್ಟು ಸಮಾಧಾನ ಮಾಡಿದೆ, ಅದನ್ನು ಕಡಿಯಲೂ ಬರಲಿಲ್ಲ.

ಶ್ರುತಿ ಕಲಿತೆ, ಅಷ್ಟರಲ್ಲಿ ಹುಬ್ಬಳ್ಳಿಗೆ ಇಂಜಿನಿಯರಿಂಗ್ ಓದಲು ಹೋದೆ, ಮುಖ್ಯ ಸನಾದಿ ನನ್ನ ಬಾಯಿಗೆ ಬರಲೇ ಇಲ್ಲ. ಇಲ್ಲಿ ನನ್ನ ಕೆಲಸ ಏನೆಂದು ನೀನು ಕೇಳಿದಾಗಲೆಲ್ಲ ರೈಲ್ವೆ ಎಂದು ಹೇಳಿ ಮುಗಿಸುತ್ತಿದ್ದೆ. ರೈಲು ಸೇತುವೆಗಳಿಗೆ ಮೈಕಿನಂಥ ಯಂತ್ರ ಅಂಟಿಸಿ, ರೈಲು ಹಾಯುವಾಗ ಅವು ಹೇಗೆ ನಡುಗುತ್ತವೆ ಎಂದು ಅಳೆಯುವುದು ನನ್ನ ಕೆಲಸ. ಎಲ್ಲಿ ಬಿರುಕಿದೆ ಎಂದು ಕಣ್ಣಿಗೆ ಕಾಣುವ ಮೊದಲೇ ಸಪ್ಪಳದಲ್ಲಿ ಗೊತ್ತಾಗುತ್ತದೆ. ಶನಿವಾರ ಮಾತ್ರ ಈ ಇಂಜಿನಿಯರ್ ಇರುವುದಿಲ್ಲ. ಲೈಡನ್ನಿನ ಒಂದು ಚಿಕ್ಕ ಚರ್ಚಿನಲ್ಲಿ ನಮ್ಮ ಗುಂಪು ಸೇರುತ್ತದೆ, ಐನೂರು ವರ್ಷದ ಹಿಂದಿನ ಇಲ್ಲಿಯ ಸಂಗೀತವನ್ನು ಆ ಕಾಲದ ವಾದ್ಯಗಳಲ್ಲೇ ನುಡಿಸುತ್ತೇವೆ. ನಾನು ಒಂದು ವಾದ್ಯದವನಲ್ಲ. ಕೊಳಲು ಊದುತ್ತೇನೆ, ಕೊಡೆಯ ಹಿಡಿಯಂತೆ ಬಗ್ಗಿದ ಕ್ರುಮ್‌ಹಾರ್ನ್ ಊದುತ್ತೇನೆ, ಜನ ಬೇಕೆಂದರೆ ಡೋಲೂ ಬಾರಿಸುತ್ತೇನೆ. ಆದರೆ ನನ್ನದು ಎಂದು ಅನ್ನಿಸುವುದು ಷಾಮ್. ಅದು ನಮ್ಮ ಸನಾದಿಯ ದಾಯಾದಿ. ವಿಡಿಯೊದಲ್ಲಿ ಅದನ್ನು ನೋಡಿ ನೀನು, ‘ಇದು ನಮ್ದ ಐತಲೇ, ಬಣ್ಣ ಹಚ್ಚ್ಯಾರ ಅಷ್ಟ’ ಎಂದಿದ್ದೆ. ಗುಂಪು ನಡೆಸುವ ಮರೈಕೆ ಎಂಬ ಹೆಂಗಸಿಗೆ ಅದನ್ನು ಹೇಳಿದಾಗ ಅವಳು ಬಹಳ ನಕ್ಕಳು. ಅವರಿಗೆಲ್ಲ ನಾನು ಉಸಿರು ಕಲಿಸಿದ್ದೇನೆ. ಪಪ್ಪಾಯಿ ದಂಟು ಸಿಗದೆ ಕೋಲಾ ಕುಡಿಯುವ ಕಡ್ಡಿಯಲ್ಲಿ ಎಲ್ಲರೂ ಗ್ಲಾಸಿನಲ್ಲಿ ಗುಳ್ಳೆ ಎಬ್ಬಿಸುತ್ತ ಕೂತದ್ದನ್ನು ನೀನು ನೋಡಬೇಕಿತ್ತು.

ಹೋದ ಬೇಸಿಗೆಯಲ್ಲಿ ಅಪ್ಪ ತೀರಿಹೋದ ದಿನದ ಮಾತಿಗೆ ಬರುತ್ತೇನೆ. ನಾನು ಅಲ್ಲಿರಲಿಲ್ಲ, ಎಲ್ಲರೂ ಹೇಳಿದ್ದನ್ನು ಜೋಡಿಸಿಕೊಂಡು ಬರೆಯುತ್ತಿದ್ದೇನೆ. ಗದಗಿನ ಕಲ್ಯಾಣ ಮಂಟಪದಲ್ಲಿ, ಅಕ್ಕಿಕಾಳು ಹಾಕುವ ಮುಹೂರ್ತಕ್ಕೆ ಇನ್ನೂ ಹೊತ್ತಿದ್ದಾಗ, ಅಪ್ಪ ನಿಧಾನದ ಭಾಗ ನುಡಿಸುತ್ತ ಗೋಡೆಗೆ ಒರಗಿದ. ದಣಿದು ಒರಗಿದ ಎಂದುಕೊಂಡರಂತೆ. ಆಮೇಲೆ ಓಡಿ ಬಂದವರಲ್ಲಿ ಯಾರೋ ಅವನ ಕೈಯಿಂದ ಸನಾದಿ ತೆಗೆದು ಪೆಟ್ಟಿಗೆಯಲ್ಲಿಟ್ಟರು. ನೀನು ಆಗಲೂ ಊದುತ್ತಿದ್ದೆ. ನೋಡಿದವರಿಗೆ ಅದು ಹುಚ್ಚುತನವಾಗಿ ಕಂಡಿತು. ಬೀಗರ ಕಡೆಯವನೊಬ್ಬ ಬೈದು ನಿನ್ನ ಬಾಯಿಂದಲೂ ಕಿತ್ತುಕೊಂಡ. ಅಪ್ಪ ಸನಾದಿ ಇಳಿಸಲಿಲ್ಲ, ನೀನೂ ಇಳಿಸಲಿಲ್ಲ, ಬೇರೆಯವರು ಕಸಿದುಕೊಂಡರು. ಇಳಿಸುವುದು ಬೇರೆ, ಕಸಿದುಕೊಳ್ಳುವುದು ಬೇರೆ ಎಂದು ಆ ಗದ್ದಲದಲ್ಲಿ ಯಾರಿಗೆ ತಿಳಿಯಬೇಕು.

ನಾನು ಬಂದಾಗ ನೀನು ಅಪ್ಪನ ಫೋಟೋದ ಕೆಳಗೆ ಕೂತಿದ್ದೆ. ನನ್ನನ್ನು ನೋಡಿದೆ, ಗುರುತು ಹಿಡಿದೆ, ಕಣ್ಣು ತುಂಬಿಕೊಂಡೆ, ಆದರೆ ಮಾತಾಡಲಿಲ್ಲ. ಮಾತೂ ಇಲ್ಲ, ಗಂಜಿಯ ತಿಳಿ ಬಿಟ್ಟು ಊಟವೂ ಇಲ್ಲ, ಆಘಾತ, ತಾನಾಗಿ ಸರಿಹೋಗುತ್ತದೆ ಎಂದರು ಡಾಕ್ಟರು. ನಿನ್ನ ಕೆನ್ನೆ ಆಡುತ್ತಿತ್ತು. ಎಲ್ಲರೂ ಎಲೆ ಅಡಿಕೆ ಜಗಿಯುತ್ತಿದ್ದಾನೆ ಎಂದುಕೊಂಡರು, ನಾನೂ ಹಾಗೇ ಅಂದುಕೊಂಡೆ. ಹೊರಡುವ ದಿನ ಅವ್ವ ನಿನ್ನ ಶ್ರುತಿ ಸನಾದಿಯನ್ನು ಹಳೆಯ ಧೋತರದ ಅರಿವೆಯಲ್ಲಿ ಸುತ್ತಿ ನನ್ನ ಬ್ಯಾಗಿನಲ್ಲಿಟ್ಟಳು. ‘ಕಣ್ಣ ಮುಂದ ಇರೂದು ಬ್ಯಾಡ, ಅದನ್ನ ನೋಡಕೋತ ಕುಂಡರತಾನ’ ಎಂದಳು. ನೀನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬೇಡ ಎಂದು ಕೈ ಸಹ ಮಾಡಲಿಲ್ಲ.

ಇಲ್ಲಿ ನಮ್ಮ ಫ್ಲಾಟಿನ ಗೋಡೆಗಳು ತೆಳು, ಊದಿದರೆ ಕೆಳಗಿನ ಮನೆಯವರು ಮೆಟ್ಟಿಲೇರಿ ಬರುತ್ತಾರೆ. ಹಾಗಾಗಿ ನನ್ನ ಷಾಮ್, ಕೊಳಲುಗಳೆಲ್ಲ ಚರ್ಚಿನ ಹಿಂದಿನ ಕೋಣೆಯ ಕಪಾಟಿನಲ್ಲೇ ಇರುತ್ತವೆ. ನಿನ್ನ ಸನಾದಿಯನ್ನೂ ಅಲ್ಲೇ ಇಟ್ಟೆ. ಬೇಸಿಗೆ ರಜೆ ಮುಗಿದು ನಾವು ಮತ್ತೆ ಸೇರಿದ ಮೊದಲ ಶನಿವಾರವೇ ಒಳಗೆಲ್ಲೋ ಒಂದು ಸ್ವರ ಕೇಳುತ್ತಿತ್ತು. ಸಣ್ಣಗೆ, ಕಡಿಯದೆ. ಆರ್ಗನ್ನಿನ ದೋಷ ಇರಬೇಕು ಎಂದು ಎಲ್ಲರೂ ಅಂದರು. ಆ ದೊಡ್ಡ ವಾದ್ಯದಲ್ಲಿ ಒಮ್ಮೊಮ್ಮೆ ಒಂದು ಕೊಳವೆಯ ಬಾಯಿ ಮುಚ್ಚದೆ ಉಳಿದು ತಾನೇ ಊದುತ್ತಿರುತ್ತದೆ, ಅದಕ್ಕೆ ಇಲ್ಲಿಯವರು ಹಾಂಗರ್ ಎನ್ನುತ್ತಾರೆ. ಚರ್ಚು ನೋಡಿಕೊಳ್ಳುವ ಮುದುಕ ಬಂದು ಆರ್ಗನ್ನಿಗೆ ಗಾಳಿ ಕೊಡುವ ಯಂತ್ರ ಆರಿಸಿದ. ಸ್ವರ ನಿಲ್ಲಲಿಲ್ಲ. ಹಳೆಯ ಕಟ್ಟಡ, ಕಾಲುವೆಯ ಗಾಳಿ ಎಲ್ಲೋ ನುಗ್ಗುತ್ತಿದೆ ಎಂದು ಭುಜ ಹಾರಿಸಿ ಹೋದ. ಮರೈಕೆಗೆ ಸಂತೋಷವೇ ಆಯಿತು. ಆ ಕಾಲದ ಕುಣಿತದ ಹಾಡುಗಳಿಗೆ ಹೀಗೊಂದು ನಿಂತ ಸ್ವರ ಬೇಕೇ ಬೇಕು, ಪುಕ್ಕಟೆ ಸಿಕ್ಕಿದೆ, ನುಡಿಸೋಣ ಎಂದಳು.

ನನಗೆ ಆಗಲೇ ತಿಳಿಯಬೇಕಿತ್ತು. ನಮ್ಮ ಸನಾದಿಯ ಶ್ರುತಿ ಯಾವ ಹಾರ್ಮೋನಿಯಂನಲ್ಲೂ ಇಲ್ಲ, ಅದರ ಎರಡು ಕೀಲಿಮನೆಗಳ ನಡುವಿನದು. ನಿನ್ನ ಅಪ್ಪ, ನಮ್ಮ ಮುತ್ಯಾ, ಕೊರೆದದ್ದೇ ಹಾಗೆ, ಪೇಟಿ ಮಾಸ್ತರರು ನಮ್ಮ ಜೊತೆ ಕೂರಲು ಗೊಣಗುತ್ತಿದ್ದದ್ದೂ ಅದಕ್ಕೇ. ಈ ಸ್ವರ ಅಲ್ಲೇ ಕೂತಿತ್ತು. ದೀಪಾವಳಿಯ ಹೊತ್ತಿಗೆ ಇನ್ನೊಂದನ್ನು ಗಮನಿಸಿದೆ. ನಾವು ಪ್ರತಿ ಶನಿವಾರ ನುಡಿಸಿದ್ದನ್ನು ರೆಕಾರ್ಡ್ ಮಾಡುತ್ತೇವೆ. ಆಫೀಸಿನಲ್ಲಿ ಸೇತುವೆಯ ಸಪ್ಪಳ ನೋಡುವ ಪ್ರೋಗ್ರಾಮಿನಲ್ಲೇ ಅವನ್ನು ಹಾಕಿ ನೋಡಿದರೆ ನಮ್ಮ ಗುಂಪಿನ ಶ್ರುತಿ ವಾರದಿಂದ ವಾರಕ್ಕೆ ಸರಿಯುತ್ತ, ಸರಿಯುತ್ತ ನಮ್ಮ ಮನೆಯ ಶ್ರುತಿಗೆ ಬಂದು ನಿಂತಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಕೂದಲೆಳೆಯ ವ್ಯತ್ಯಾಸಕ್ಕೂ ಜಗಳ ತೆಗೆಯುವ ಮರೈಕೆಗೂ ಗೊತ್ತಾಗಿರಲಿಲ್ಲ. ಡಚ್ಚರ ಐನೂರು ವರ್ಷದ ಹಾಡುಗಳನ್ನು ಅವರು ನಮ್ಮ ಬೆಟಗೇರಿ ಓಣಿಯ ಶ್ರುತಿಯಲ್ಲಿ ನುಡಿಸುತ್ತಿದ್ದರು.

ಆಮೇಲೆ ಆ ಸ್ವರವೊಂದನ್ನೇ ಬೇರೆ ಮಾಡಿ ಹಿಗ್ಗಿಸಿ ನೋಡಿದೆ, ಬಿರುಕು ಹುಡುಕುವ ಹಾಗೆ. ಆರ್ಗನ್ನಿನ ಕೊಳವೆಯ ಸ್ವರ ಗೆರೆ ಎಳೆದಂತೆ ನೇರ ಇರುತ್ತದೆ. ಇದು ಹಾಗಿರಲಿಲ್ಲ. ಸ್ವಲ್ಪ ಹೊತ್ತಿಗೊಮ್ಮೆ ಒಂಚೂರು ತಗ್ಗಿ, ಕೂಡಲೇ ಎದ್ದು, ಸರಿಯಾಗುತ್ತಿತ್ತು. ಎಡದವಡೆಯಲ್ಲಿ ಹಲ್ಲಿಲ್ಲದವನು ಕೆನ್ನೆಯ ಗಾಳಿ ದಬ್ಬಿ ಮೂಗಿನಿಂದ ಉಸಿರು ಎಳೆದರೆ ಹಾಗೆ ಆಗುತ್ತದೆ. ಅಲ್ಲಲ್ಲಿ ಒಂದು ಸಣ್ಣ ತಡೆ. ಅದು ಎಂಜಲು ನುಂಗಿದ್ದು. ಕೊಳವೆ ಎಂಜಲು ನುಂಗುವುದಿಲ್ಲ, ಕಾಕಾ. ಕತ್ತಲಲ್ಲಿ ನಿನ್ನ ಕೆಮ್ಮನ್ನು ಗುರುತಿಸುವವನು ನಾನು, ನಿನ್ನ ಉಸಿರನ್ನು ಗುರುತಿಸಲಾರೆನೇ. ಆಫೀಸು ತುಂಬ ಜನರಿದ್ದರು, ಯಾರೋ ಹುಟ್ಟುಹಬ್ಬದ ಕೇಕ್ ಹಂಚುತ್ತಿದ್ದರು, ನಾನು ಕೈಯಲ್ಲಿ ತಟ್ಟೆ ಹಿಡಿದುಕೊಂಡು ಪರದೆಯ ಮುಂದೆ ನಿಂತೇ ಇದ್ದೆ.

ಮುಂದಿನ ಶನಿವಾರ ಎಲ್ಲರಿಗಿಂತ ಮೊದಲೇ ಹೋಗಿ ಕಪಾಟು ತೆರೆದೆ. ಅರಿವೆ ಬಿಚ್ಚಿದೆ. ತಿಂಗಳುಗಟ್ಟಲೆ ಯಾರೂ ಮುಟ್ಟದ ಸನಾದಿ. ಬಾಯಿಗಿಟ್ಟುಕೊಳ್ಳುವ ಪೀಪಿ ಒಣಗಿ ಬಿರಿದಿರಬೇಕಿತ್ತು, ಅದು ಒದ್ದೆಯಾಗಿತ್ತು. ಬೆಚ್ಚಗೂ ಇತ್ತು. ಲವಂಗ ಮತ್ತು ಸುಣ್ಣದ ವಾಸನೆ ಬಂತು. ನನಗೆ ಬಹಳ ಹೆದರಿಕೆಯಾಯಿತು. ನಿನಗೆ ಹೆದರುವ ದಿನ ಬರುತ್ತದೆ ಎಂದು ನಾನು ಎಂದೂ ಅಂದುಕೊಂಡಿರಲಿಲ್ಲ. ಮತ್ತೆ ಸುತ್ತಿ ಇಟ್ಟು, ಮೈ ಸರಿಯಿಲ್ಲ ಎಂದು ಮರೈಕೆಗೆ ಮೆಸೇಜು ಹಾಕಿ, ಸ್ಟೇಷನ್ನಿಗೆ ಸೈಕಲ್ ತುಳಿದೆ. ರೈಲಿನಲ್ಲಿ ಕೂತ ಮೇಲೆ ಹೊಳೆಯಿತು. ನೀನು ಗದಗಿನಲ್ಲಿ ಮಾತಿಲ್ಲದೆ, ತುತ್ತಿಲ್ಲದೆ ಕೂತದ್ದು ಆಘಾತದಿಂದಲ್ಲ. ನೀನು ಇನ್ನೂ ಶ್ರುತಿ ಹಿಡಿದಿದ್ದೀ. ಬಾಯಿ ಖಾಲಿ ಇದ್ದರೆ ತಾನೇ ಮಾತು, ಖಾಲಿ ಇದ್ದರೆ ತಾನೇ ಊಟ.

ಭಾವನಾಗೆ ಹೇಳಿದೆ. ಅವಳು ನಗಲಿಲ್ಲ, ನಂಬಲೂ ಇಲ್ಲ. ಅಪ್ಪ ಹೋದ ದುಃಖ ಹೀಗೆ ಹೊರಗೆ ಬರುತ್ತಿದೆ, ಯಾರಾದರೂ ಡಾಕ್ಟರರನ್ನು ಕಂಡು ಮಾತಾಡು ಎಂದಳು. ಅವಳ ತಪ್ಪೇನಿಲ್ಲ. ಅಷ್ಟರಲ್ಲಿ ಸಂಕ್ರಾಂತಿ ಹೋಯಿತು. ಫೋನಿನಲ್ಲಿ ನೋಡಿದಾಗಲೆಲ್ಲ ನೀನು ಇಳಿಯುತ್ತಿದ್ದೆ, ಅಂಗಿಯ ಒಳಗೆ ಯಾರೂ ಇಲ್ಲದ ಹಾಗೆ. ಚಮಚೆಯಲ್ಲಿ ಹಾಕಿದ ಗಂಜಿಯೂ ಹೊರಗೆ ಬರುತ್ತದೆ ಎಂದು ಅವ್ವ ಅತ್ತಳು. ಹೋದ ವಾರ ಸುಪ್ರೀತಾ ಹೇಳಿದಳು, ಸೋಮವಾರ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸುತ್ತಾರೆ, ಇನ್ನು ಅದೊಂದೇ ದಾರಿ ಅಂತ. ಎಲ್ಲರಿಗೂ ಅದು ನಿನ್ನನ್ನು ಉಳಿಸುವ ದಾರಿ. ನನಗೆ ಹಾಗೆ ಕಾಣಲಿಲ್ಲ. ಬಾಯಲ್ಲಿ ಶ್ರುತಿ ಇದೆ, ನೀನು ಉಸಿರು ಎಳೆದುಕೊಳ್ಳುವುದು ಮೂಗಿನಿಂದ. ಆ ಮೂಗಿಗೆ ನಳಿಗೆ ತುರುಕಿದರೆ ನೀನು ಶ್ರುತಿ ಬಿಡುವುದಿಲ್ಲ, ಉಸಿರು ಬಿಡುತ್ತೀ. ನಿನ್ನ ಹಟ ನನಗೆ ಗೊತ್ತು. ಇದನ್ನು ಯಾವ ಡಾಕ್ಟರರಿಗೆ ಹೇಗೆ ಹೇಳಲಿ?

ಮೊದಲು ಒಂದು ಉಪಾಯ ಮಾಡಿ ಸೋತಿದ್ದೆ. ಅಪ್ಪ ಅರ್ಧಕ್ಕೆ ಬಿಟ್ಟದ್ದನ್ನು ನಾನು ನುಡಿಸಿ ಮುಗಿಸಿದರೆ, ಸನಾದಿ ಇಳಿಸಿದರೆ, ನೀನೂ ಇಳಿಸುತ್ತೀ ಎಂದುಕೊಂಡು ಷಾಮ್ ಹಿಡಿದು ಕೂತೆ. ಆ ನಿಧಾನದ ಭಾಗ ನನ್ನ ಬೆರಳಿಗೆ ಬಂತು, ಅದರ ಮುಂದಿನದೂ ಬಂತು. ಕೊನೆ ಬರಲಿಲ್ಲ. ಅಪ್ಪ ಹೇಗೆ ಮುಗಿಸುತ್ತಿದ್ದ ಎಂದು ನಾನು ಕೇಳಿಯೇ ಇಲ್ಲ. ನೀನು ಉಂಡು ಬಂದ ಮೇಲೆ ನನ್ನನ್ನು ಊಟಕ್ಕೆ ಓಡಿಸುತ್ತಿದ್ದೆಯಲ್ಲ. ಅಷ್ಟೂ ಮದುವೆಗಳ ಕೊನೆಯನ್ನು ನಾನು ಪಂಕ್ತಿಯಲ್ಲಿ ಹೋಳಿಗೆ ತಿನ್ನುತ್ತ ಕಳೆದಿದ್ದೇನೆ. ಏನೋ ಒಂದು ಕಟ್ಟಿ ಮುಗಿಸಿ, ಷಾಮ್ ಇಳಿಸಿ, ಕಾದೆ. ಶ್ರುತಿ ನಿಲ್ಲಲಿಲ್ಲ. ನಿನ್ನನ್ನು ಹಾಗೆ ಮೋಸ ಮಾಡಲು ಬರುವುದಿಲ್ಲ.

ನಿನ್ನೆ ಶನಿವಾರ. ಬೆಳಿಗ್ಗೆಯಿಂದ ಮಂಜು ಹಿಡಿದುಕೊಂಡು, ಮಧ್ಯಾಹ್ನವೇ ಸೈಕಲ್ ದೀಪ ಹಚ್ಚಬೇಕಾಯಿತು. ನುಡಿಸುತ್ತಿರುವಾಗ ನಿನ್ನ ಸ್ವರ ಸೊರಗಿದ್ದು ಕೇಳುತ್ತಿತ್ತು, ಏಳುವಾಗ ಏಳಲಾರದೆ ಏಳುತ್ತಿತ್ತು. ಆಗ ನನಗೆ ಬುದ್ಧಿ ಬಂತು ನೋಡು. ನನಗೆ ಕಲಿಸದ ಕೆಲಸಕ್ಕೆ ಕೈ ಹಾಕಿ ದಿನ ಕಳೆದೆ, ಕಲಿಸಿದ ಕೆಲಸ ಒಂದಿತ್ತು. ಇಲ್ಲಿಯ ಜನ ಪ್ರಾಣ ಬಿಟ್ಟಾರು, ಕಾಫಿಯ ಹೊತ್ತು ಬಿಡಲಾರರು. ಅವರೆಲ್ಲ ಎದ್ದು ಪಕ್ಕದ ಅಡುಗೆಕೋಣೆಗೆ ಹೋದರು. ನಾನು ಕಪಾಟಿನಿಂದ ನಿನ್ನ ಸನಾದಿ ತಂದು, ಕಲ್ಲುನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬಲಗಡೆ ನಿನ್ನ ಜಾಗ ಬಿಟ್ಟು ಕೂತೆ. ಪೀಪಿ ಒದ್ದೆಯಾಗಿಯೇ ಇತ್ತು. ಬಾಯಿಗಿಟ್ಟೆ, ಊದಿದೆ.

ಮೊದಲು ಎರಡೂ ಕೂಡಲಿಲ್ಲ, ನಡುವೆ ಒಂದು ನಡುಕ. ನಾನು ತುಟಿ ಸ್ವಲ್ಪ ಬಿಗಿ ಮಾಡಿದೆ. ನಡುಕ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಎರಡು ಒಂದಾದವು. ಕೆನ್ನೆಯ ಗಾಳಿ ದಬ್ಬಿ ಮೂಗಿನಿಂದ ಎಳೆದುಕೊಂಡೆ. ಚರ್ಚಿನ ತಣ್ಣಗಿನ ಗಾಳಿ ಬರಲಿಲ್ಲ, ನಮ್ಮ ಪಡಸಾಲೆಯ ಊದಿನಕಡ್ಡಿ ವಾಸನೆ ಬಂತು. ಬಲಗಡೆ ಯಾರೋ ಇದ್ದಾರೆ ಎಂದು ಮೈಗೆ ತಿಳಿಯುತ್ತಿತ್ತು, ನಾನು ತಿರುಗಿ ನೋಡಲಿಲ್ಲ. ಶ್ರುತಿ ಹಿಡಿದವನು ತಿರುಗಬಾರದು ಎಂದು ನೀನೇ ಕಲಿಸಿದ್ದೆ. ‘ಉಣ್ಣಾಕ ಹೋಗು ಕಾಕಾ’ ಎಂದು ಮನಸ್ಸಿನಲ್ಲೇ ಅಂದೆ. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಆಮೇಲೆ ನನ್ನ ಬಲ ಮೊಣಕಾಲಿನ ಮೇಲೆ ತಟ್ಟಿದ್ದು ಗೊತ್ತಾಯಿತು. ಎರಡು ಸಲ. ಬೆರಳುಂಗುರ ಮೂಳೆಗೆ ತಾಗಿತು.

ಅವರು ಕಾಫಿ ಮುಗಿಸಿ ಬರುವ ಹೊತ್ತಿಗೆ ಸನಾದಿಯನ್ನು ಸುತ್ತಿ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ್ದೆ. ಮರೈಕೆ ತಲೆ ವಾಲಿಸಿ ಕೇಳಿಸಿಕೊಂಡು, ಇವತ್ತು ಹಾಂಗರಿಗೆ ವಯಸ್ಸು ಕಡಿಮೆಯಾದಂತಿದೆ ಎಂದಳು. ಎಲ್ಲರೂ ನಕ್ಕರು, ನಾನೂ ಮುಖದಲ್ಲಿ ನಕ್ಕೆ. ಜೇಬಿನಲ್ಲಿ ಫೋನು ನಡುಗಿತು. ಸುಪ್ರೀತಾ ಬರೆದಿದ್ದಳು: ‘ಅಪ್ಪ ಮಾತಾಡಿದ. ಹಸಿವಿ ಆಗೇತಿ ಅಂದ.’ ಆಮೇಲೆ ಇನ್ನೊಂದು: ‘ಎರಡನೇ ರೊಟ್ಟಿ ಕೇಳಾಕತ್ತಾನ.’ ನಾನು ಷಾಮ್ ಹಿಡಿಯಲಾರದೆ ಡೋಲು ತಗೊಂಡು ಕೂತೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಇಷ್ಟು ಸಂತೋಷ ನನಗೆ ಹಿತಾ ಹುಟ್ಟಿದ ದಿನ ಬಿಟ್ಟರೆ ಆಗಿರಲಿಲ್ಲ. ಈಗ ಡಾಕ್ಟರರೂ ನಾಳೆಯ ನಳಿಗೆ ಬೇಡ ಎಂದಿದ್ದಾರಂತೆ. ಅವ್ವ ಸಜ್ಜಕ ಮಾಡುತ್ತಾಳಂತೆ. ಮಾಡಲಿ, ನೀನು ಉಣ್ಣು. ನಿನ್ನ ದನಿ ರೆಕಾರ್ಡ್ ಮಾಡಿ ಕಳಿಸಲು ಸುಪ್ರೀತಾಳಿಗೆ ಮೆಸೇಜು ಹಾಕಿದ್ದೇನೆ. ನನ್ನನ್ನು ಬೈದರೂ ಸರಿ, ಕೇಳಬೇಕು.

ಅವ್ವನ ಕಾಲಿಗೆ ನನ್ನ ಪರವಾಗಿ ನೀನೇ ಕೈ ಮುಟ್ಟಿಸು. ಸುಪ್ರೀತಾ ಇಷ್ಟು ದಿನ ಒಬ್ಬಳೇ ನಿನ್ನನ್ನು ಎತ್ತಿ ಕೂರಿಸಿದ್ದಾಳೆ, ಅವಳ ತಲೆಯ ಮೇಲೆ ಒಮ್ಮೆ ಕೈಯಿಡು. ಓಣಿಯಲ್ಲಿ ನನ್ನನ್ನು ಕೇಳಿದವರಿಗೆಲ್ಲ ಕೇಳಿದೆನೆಂದು ಹೇಳು. ಭಾವನಾ ಮತ್ತು ಹಿತಾ ನಿನಗೆ ನಮಸ್ಕಾರ ಹೇಳಿದ್ದಾರೆ. ಮೈ ನೋಡಿಕೊಂಡಿರು.

ನಿನ್ನ ಎಡಗಡೆ ಕೂರುತ್ತಿದ್ದ,
ಶಶಿ

ತಾ.ಕ.: ಸುಪ್ರೀತಾ, ಇಲ್ಲಿಂದ ಮುಂದಿನದನ್ನು ಅವ್ವನ ಎದುರು ಓದಬೇಡ, ಕಾಕಾನ ಕಿವಿಯಲ್ಲಿ ಮೆ‍ಲ್ಲಗೆ ಓದು. ಕಾಕಾ, ಫೋನು ಬಿಟ್ಟು ಕಾಗದ ಯಾಕೆ ಎಂದು ಕೊನೆಗೆ ಹೇಳುತ್ತೇನೆ ಎಂದಿದ್ದೆ. ನನ್ನ ಬಾಯಿ ಖಾಲಿ ಇಲ್ಲ. ಸನಾದಿ ಕಪಾಟಿನಲ್ಲಿದೆ, ಆದರೂ ಖಾಲಿ ಇಲ್ಲ. ನಿನ್ನೆಯಿಂದ ಒಂದು ಮಾತೂ ಆಡಿಲ್ಲ. ಗಂಟಲು ಕೆಟ್ಟಿದೆ ಎಂದು ಭಾವನಾಗೆ ಕೈಸನ್ನೆ ಮಾಡಿದ್ದೇನೆ, ಅವಳು ಮಾಡಿಟ್ಟ ಚಪಾತಿ ಮುಚ್ಚಿದ ಹಾಗೇ ಇದೆ. ಹಿತಾ ನನ್ನ ಕೆನ್ನೆ ಒತ್ತಿ ನೋಡಿ, ಚಾಕಲೇಟು ಬಚ್ಚಿಟ್ಟಿದ್ದೀಯಾ ಎಂದು ಡಚ್ಚಿನಲ್ಲಿ ಕೇಳುತ್ತಾಳೆ. ಇದಕ್ಕೆ ನಾನು ಸಿದ್ಧನಾಗಿಯೇ ಕೂತಿದ್ದೆ, ಬೇಜಾರಿಲ್ಲ. ಒಂದನ್ನು ಮಾತ್ರ ನೀನು ಯಾರಿಗೂ ಹೇಳಿರಲಿಲ್ಲ. ನೀನು ಮೊಣಕಾಲು ತಟ್ಟಿ ಎದ್ದ ಮೇಲೆ ನನಗೆ ಅಪ್ಪ ಕೇಳಿಸಿದ. ಇಷ್ಟು ಚೆನ್ನಾಗಿ ಅವನು ಎಂದೂ ಊದಿರಲಿಲ್ಲ. ಈಗ ಬರೆಯುತ್ತಿರುವಾಗಲೂ ಕೇಳುತ್ತಿದೆ, ಇನ್ನೂ ಆ ನಿಧಾನದ ಭಾಗದಲ್ಲೇ ಇದ್ದಾನೆ, ಮುಗಿಸುವ ಅವಸರ ಅವನಿಗಿಲ್ಲ. ಹಸಿವಿನಲ್ಲೂ ನೀನು ಯಾಕೆ ಇಳಿಸಲಿಲ್ಲ ಎಂದು ಈಗ ತಿಳಿಯಿತು. ನನಗೂ ಇಳಿಸಲು ಮನಸ್ಸಾಗುತ್ತಿಲ್ಲ, ನನಗೆ ಹೆದರಿಕೆ ಅದರದ್ದೇ. ನೀನು ಹೊಟ್ಟೆ ತುಂಬ ಉಣ್ಣು, ಸಾವಕಾಶ ಎಲೆ ಅಡಿಕೆ ಹಾಕಿಕೋ, ಮೈಯಲ್ಲಿ ಶಕ್ತಿ ಬರಲಿ. ಆದರೆ ರೋಣದಲ್ಲಿ ಮಾಡಿದ ಹಾಗೆ ಹರಟುತ್ತ ಕೂತುಬಿಡಬೇಡ. ಬಲಗಡೆ ಜಾಗ ಬಿಟ್ಟುಕೊಂಡೇ ಕೂತಿದ್ದೇನೆ.